ಆದೇಶ ಬರೆದ ಮೇಲೆ: ವ್ಯಸನಕ್ಕೆ ಬಿದ್ದ ಮಕ್ಕಳು ಮತ್ತು ಬಾಲ ನ್ಯಾಯ



ಹಳ್ಳಿಯಲ್ಲಿ ಕಾನೂನಿನ ಉಪನ್ಯಾಸ ಎಂದರೆ ಜನ ಉತಾರ, ವಾಟ್ನಿ, ಹೊಲದ ದಾರಿಯ ತಕರಾರು ಇಂಥವುಗಳ ಬಗ್ಗೆ ಕೇಳಲು ಬರುತ್ತಾರೆ. ನಾನು ಆರಿಸಿಕೊಂಡದ್ದು ಬೇರೆ ವಿಷಯ. ಹದಿನೆಂಟು ತುಂಬದ ಹುಡುಗನೊಬ್ಬ ಗಾಂಜಾ ಸೇದಿಯೋ, ಗಾಂಜಾ ಪೊಟ್ಟಣ ಸಾಗಿಸಿಯೋ, ಚಟದ ಹಣಕ್ಕಾಗಿ ಮೊಬೈಲ್ ಕದ್ದೋ ಪೊಲೀಸರ ಕೈಗೆ ಸಿಕ್ಕರೆ ನಮ್ಮ ನ್ಯಾಯವ್ಯವಸ್ಥೆ ಅವನನ್ನು ಹೇಗೆ ನಡೆಸಿಕೊಳ್ಳುತ್ತದೆ, ಹೇಗೆ ನಡೆಸಿಕೊಳ್ಳಬೇಕು ಎಂಬುದು ಇಂದಿನ ವಿಷಯ. ಅಮೆರಿಕದಲ್ಲಿ ಇಂಥ ಮಕ್ಕಳಿಗಾಗಿಯೇ ಮಾದಕವಸ್ತು ನ್ಯಾಯಾಲಯಗಳಿವೆ. ನಮ್ಮಲ್ಲಿ ಆ ಹೆಸರಿನ ನ್ಯಾಯಾಲಯ ಇಲ್ಲ. ಅದು ಬೇಕೆ ಎಂದು ಕೇಳಿದರೆ, ಬೇಡ ಎಂಬುದು ನನ್ನ ಅಭಿಪ್ರಾಯ. ಅದು ಮಾಡಬೇಕಾದ ಕೆಲಸದ ಅಧಿಕಾರವೆಲ್ಲ ನಮ್ಮ ಬಾಲ ನ್ಯಾಯ ಮಂಡಳಿಯ ಕೈಯಲ್ಲಿ ಈಗಾಗಲೇ ಇದೆ. ಇಲ್ಲದಿರುವುದು ಆದೇಶ ಬರೆದ ಮೇಲೆ ಆ ಹುಡುಗನ ಹಿಂದೆ ನಿಲ್ಲುವ ವ್ಯವಸ್ಥೆ. ಮೊದಲು ನಮ್ಮ ಕಾನೂನನ್ನು ನೋಡಿ, ನಂತರ ಅಮೆರಿಕದ ಅನುಭವಕ್ಕೆ ಹೋಗಿ, ಕೊನೆಗೆ ನಮ್ಮ ಊರಿಗೆ ಬರುತ್ತೇನೆ.

ಮಕ್ಕಳಿಗೆ ಪ್ರತ್ಯೇಕ ನ್ಯಾಯ ಎಂಬುದು ಈ ಭಾಗಕ್ಕೆ ಹೊಸದಲ್ಲ. ನಮ್ಮ ರೋಣ ಸೀಮೆ ಧಾರವಾಡ ಜಿಲ್ಲೆಯಲ್ಲಿದ್ದ, ಧಾರವಾಡ ಜಿಲ್ಲೆ ಮುಂಬೈ ಪ್ರಾಂತ್ಯದಲ್ಲಿದ್ದ ಕಾಲದಲ್ಲೇ, 1924ರಲ್ಲಿ, ಮುಂಬೈ ಮಕ್ಕಳ ಕಾಯಿದೆ ಬಂತು. ಏಕೀಕರಣದ ನಂತರ 1964ರಲ್ಲಿ ಮೈಸೂರು ರಾಜ್ಯ ತನ್ನದೇ ಮಕ್ಕಳ ಕಾಯಿದೆ ಮಾಡಿತು. ಜಮ್ಮು ಮತ್ತು ಕಾಶ್ಮೀರ ಬಿಟ್ಟು ಇಡೀ ದೇಶಕ್ಕೆ ಒಂದೇ ಬಾಲ ನ್ಯಾಯ ಕಾಯಿದೆ ಬಂದದ್ದು 1986ರಲ್ಲಿ. ಅದು 2000ದಲ್ಲಿ ಬದಲಾಯಿತು, 2015ರಲ್ಲಿ ಮತ್ತೆ ಬದಲಾಯಿತು. 2016ರ ಜನವರಿ 15ರಿಂದ ಜಾರಿಯಲ್ಲಿರುವ ಆ ಕಾಯಿದೆಯೇ ಇಂದಿನ ಆಧಾರ. ಮಾದಕವಸ್ತುಗಳದ್ದು ಬೇರೆ ಕಾಯಿದೆ, 1985ರದ್ದು. ಎನ್‌ಡಿಪಿಎಸ್ ಎಂದು ಪತ್ರಿಕೆಗಳಲ್ಲಿ ಓದುತ್ತೀರಲ್ಲ, ಅದು. ಅದು ಜಾರಿಗೆ ಬಂದದ್ದು ಆ ವರ್ಷದ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯ ದಿನವೇ. ಮಾದಕವಸ್ತು ಕಾಯಿದೆಯ ಸ್ವಭಾವ ಕಠಿಣ, ಬಾಲ ನ್ಯಾಯ ಕಾಯಿದೆಯ ಸ್ವಭಾವ ಪಾಲನೆಯದು. ಎರಡೂ ಒಬ್ಬ ಹುಡುಗನ ಮೇಲೆ ಒಟ್ಟಿಗೆ ಬಂದು ಬಿದ್ದಾಗ ಯಾವುದು ಮೇಲು ಎಂಬುದೇ ನಿಜವಾದ ಪ್ರಶ್ನೆ.

ಉದಾಹರಣೆಯಿಲ್ಲದೆ ಇದನ್ನು ವಿವರಿಸುವುದು ಕಷ್ಟ. ಆದರೆ ಬಾಲ ನ್ಯಾಯ ಕಾಯಿದೆಯ 74ನೆಯ ಕಲಂ ಇಂಥ ಮಗುವಿನ ಹೆಸರು, ಊರು, ಶಾಲೆ, ಗುರುತು ಸಿಗುವ ಯಾವ ವಿವರವನ್ನೂ ಪ್ರಕಟಿಸಬಾರದೆಂದು ಹೇಳುತ್ತದೆ. ಆದ್ದರಿಂದ ನಾನು ಯಾವ ನಿಜ ಹುಡುಗನ ಕತೆಯನ್ನೂ ಹೇಳುವುದಿಲ್ಲ. ಹದಿನಾರು ದಾಟಿದ ಒಬ್ಬ ಹುಡುಗನನ್ನು ಊಹಿಸಿಕೊಳ್ಳೋಣ. ತಂದೆ ಗುಳೆ ಹೋಗಿ ಗೋವಾದಲ್ಲಿ ಕಟ್ಟಡದ ಕೆಲಸದಲ್ಲಿದ್ದಾನೆ. ತಾಯಿ ಕೂಲಿಗೆ ಹೋಗುತ್ತಾಳೆ. ಹುಡುಗ ಒಂಬತ್ತನೆಯ ತರಗತಿಗೆ ಶಾಲೆ ಬಿಟ್ಟು ಗ್ಯಾರೇಜಿಗೆ ಸೇರಿದ್ದಾನೆ. ಒಂದು ಸಂಜೆ ಅವನ ಜೇಬಿನಲ್ಲಿ ನೂರು ಗ್ರಾಂ ಗಾಂಜಾ ಸಿಗುತ್ತದೆ.

ಪೊಲೀಸರು ಅವನನ್ನು ಲಾಕಪ್ಪಿಗೆ ಹಾಕುವಂತಿಲ್ಲ, ಕೈಕೋಳ ತೊಡಿಸುವಂತಿಲ್ಲ. ಇಪ್ಪತ್ನಾಲ್ಕು ಗಂಟೆಯೊಳಗೆ, ಪ್ರಯಾಣದ ಸಮಯ ಬಿಟ್ಟು, ಜಿಲ್ಲೆಯ ಬಾಲ ನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಮಂಡಳಿ ಎಂದರೆ ಮೂವರು: ಒಬ್ಬ ಮ್ಯಾಜಿಸ್ಟ್ರೇಟ್, ಇಬ್ಬರು ಸಮಾಜ ಕಾರ್ಯಕರ್ತರು, ಆ ಇಬ್ಬರಲ್ಲಿ ಒಬ್ಬರಾದರೂ ಮಹಿಳೆ. ಕಟಕಟೆ ಇರಬಾರದು, ಎತ್ತರದ ಪೀಠ ಇರಬಾರದು ಎಂದು ನಿಯಮಗಳಲ್ಲೇ ಬರೆದಿದೆ. ಹುಡುಗ ಕುರ್ಚಿಯಲ್ಲಿ ಕೂರುತ್ತಾನೆ, ತಾಯಿ ಪಕ್ಕದಲ್ಲಿ. ಮಾತು ಹೀಗೆ ಶುರುವಾಗಬಹುದು.

“ತಮ್ಮಾ, ಸಾಲಿ ಯಾವಾಗ ಬಿಟ್ಟಿ?”

“ಹ್ವಾದ ವರ್ಸ ಬಿಟ್ಟೇನ್ರಿ.”

“ಯಾಕ?”

ಹುಡುಗ ಸುಮ್ಮನಿರುತ್ತಾನೆ. ತಾಯಿ ಹೇಳುತ್ತಾಳೆ: “ಇವಾ ಮದ್ಲ ಹಿಂಗಿರಲಿಲ್ರೀ ಸಾಹೇಬ್ರ. ಗ್ಯಾರೇಜಿನ ಹುಡುಗ್ರ ಸಂಗಾಟ ಬಿದ್ದು ಕೆಟ್ಟಾನ್ರಿ.”

ಇಲ್ಲಿಂದ ಮುಂದೆ ಕಾಯಿದೆ ಹೇಗೆ ನಡೆಯುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡಬೇಕು.

ಮೊದಲನೆಯದು ವಯಸ್ಸು. ಅದನ್ನು ತೀರ್ಮಾನಿಸಲು ಮೊದಲು ನೋಡುವುದು ಶಾಲೆಯ ಜನ್ಮದಿನಾಂಕದ ಪ್ರಮಾಣಪತ್ರವನ್ನು. ಅದಿಲ್ಲದಿದ್ದರೆ ಪಂಚಾಯಿತಿಯ ಜನನ ಪ್ರಮಾಣಪತ್ರ. ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ನಮ್ಮ ಹಳ್ಳಿಗಳ ಶಾಲೆಗಳಲ್ಲಿ ಎಷ್ಟೊಂದು ಮಕ್ಕಳು ಜೂನ್ 1ರಂದೇ ಹುಟ್ಟಿದ್ದಾರೆಂಬುದು ಇಲ್ಲಿರುವ ಶಿಕ್ಷಕರಿಗೆ ನನಗಿಂತ ಚೆನ್ನಾಗಿ ಗೊತ್ತು. ದಾಖಲಾತಿಯ ದಿನ ಕೈಗೆ ಬಂದಂತೆ ಬರೆದ ಆ ಒಂದು ತಾರೀಖು ಹುಡುಗ ಮಂಡಳಿಯ ಮುಂದೆ ಕೂರುತ್ತಾನೋ, ದೊಡ್ಡವರ ನ್ಯಾಯಾಲಯದಲ್ಲಿ ನಿಲ್ಲುತ್ತಾನೋ ಎಂಬುದನ್ನು ತೀರ್ಮಾನಿಸಬಹುದು. ದಯವಿಟ್ಟು ಆ ರಿಜಿಸ್ಟರನ್ನು ಹಗುರವಾಗಿ ತೆಗೆದುಕೊಳ್ಳಬೇಡಿ.

ಎರಡನೆಯದು ಜಾಮೀನು. ಮಾದಕವಸ್ತು ಕಾಯಿದೆಯ 37ನೆಯ ಕಲಂ ದೊಡ್ಡ ಪ್ರಮಾಣದ ಪ್ರಕರಣಗಳಲ್ಲಿ ಜಾಮೀನನ್ನು ಬಹಳ ಬಿಗಿ ಮಾಡಿದೆ. ಆದರೆ ಬಾಲ ನ್ಯಾಯ ಕಾಯಿದೆಯ 12ನೆಯ ಕಲಂ, ಬೇರೆ ಯಾವ ಕಾನೂನಿನಲ್ಲಿ ಏನೇ ಇದ್ದರೂ ಮಗುವಿಗೆ ಜಾಮೀನು ಕೊಡಬೇಕು ಎನ್ನುತ್ತದೆ. ಬಿಟ್ಟರೆ ಮಗು ಅಪರಾಧಿಗಳ ಸಹವಾಸಕ್ಕೆ ಬೀಳಬಹುದು, ನೈತಿಕ, ದೈಹಿಕ ಅಥವಾ ಮಾನಸಿಕ ಅಪಾಯಕ್ಕೆ ಸಿಗಬಹುದು, ನ್ಯಾಯದ ಉದ್ದೇಶವೇ ಸೋಲಬಹುದು ಎಂಬ ಮೂರು ಕಾರಣಗಳಲ್ಲಿ ಒಂದಾದರೂ ಇದ್ದರೆ ಮಾತ್ರ ನಿರಾಕರಣೆ. ಬಿಗಿಯಾದ ಆ 37ನೆಯ ಕಲಮನ್ನು ಮಕ್ಕಳಿಗೆ ಹಚ್ಚುವಂತಿಲ್ಲ ಎಂದು ಹಲವು ಹೈಕೋರ್ಟುಗಳು ಹೇಳಿವೆ.

ಮೂರನೆಯದು ಪ್ರಮಾಣ. ಗಾಂಜಾದಲ್ಲಿ 1 ಕಿಲೋವರೆಗೆ ಸಣ್ಣ ಪ್ರಮಾಣ, 20 ಕಿಲೋ ಮೇಲ್ಪಟ್ಟರೆ ವಾಣಿಜ್ಯ ಪ್ರಮಾಣ. ನಮ್ಮ ಹುಡುಗನ ನೂರು ಗ್ರಾಂ ಕಾನೂನಿನ ಲೆಕ್ಕದಲ್ಲಿ ಸಣ್ಣ ಅಪರಾಧ. ಅದರ ವಿಚಾರಣೆ ನಾಲ್ಕು ತಿಂಗಳಲ್ಲಿ, ಹೆಚ್ಚೆಂದರೆ ಆರು ತಿಂಗಳಲ್ಲಿ ಮುಗಿಯದಿದ್ದರೆ ಪ್ರಕರಣವೇ ಮುಕ್ತಾಯವಾಗುತ್ತದೆ. ಆದರೆ ಅವನ ಹೆಗಲ ಮೇಲಿದ್ದ ಚೀಲದಲ್ಲಿ ಇಪ್ಪತ್ತೊಂದು ಕಿಲೋ ಇತ್ತೆನ್ನಿ. ಕನಿಷ್ಠ ಶಿಕ್ಷೆಯೇ ಹತ್ತು ವರ್ಷವಾದ್ದರಿಂದ ಅದು ಘೋರ ಅಪರಾಧವಾಗುತ್ತದೆ. ಹದಿನಾರು ತುಂಬಿದ ಹುಡುಗನಾದರೆ ಮಂಡಳಿ ಅವನ ಮಾನಸಿಕ, ದೈಹಿಕ ಸಾಮರ್ಥ್ಯ ಮತ್ತು ತಿಳಿವಳಿಕೆಯ ಪ್ರಾಥಮಿಕ ಮೌಲ್ಯಮಾಪನ ಮಾಡಿ, ದೊಡ್ಡವನಂತೆ ವಿಚಾರಣೆ ಎದುರಿಸಲು ಮಕ್ಕಳ ನ್ಯಾಯಾಲಯಕ್ಕೆ ಕಳಿಸಬಹುದು.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕಾಗಿದೆ. ಇಪ್ಪತ್ತೊಂದು ಕಿಲೋ ಗಾಂಜಾ ಗ್ಯಾರೇಜಿನ ಹುಡುಗನದಾಗಿರುವುದಿಲ್ಲ. ಅವನ ಹೆಗಲಿಗೆ ಚೀಲ ಹಾಕಿದವನು ಬೇರೊಬ್ಬನಿರುತ್ತಾನೆ. ಮಗುವನ್ನು ಬಳಸಿ ಮಾದಕವಸ್ತು ಮಾರಿಸುವವನಿಗೆ, ಸಾಗಿಸುವವನಿಗೆ ಬಾಲ ನ್ಯಾಯ ಕಾಯಿದೆಯ 78ನೆಯ ಕಲಂ ಏಳು ವರ್ಷದವರೆಗೆ ಕಠಿಣ ಸಜೆ, ಒಂದು ಲಕ್ಷ ರೂಪಾಯಿವರೆಗೆ ದಂಡ ಹೇಳುತ್ತದೆ. ಮಗುವಿಗೆ ಮದ್ಯ, ತಂಬಾಕು, ಮಾದಕವಸ್ತು ಕೊಡುವವನಿಗೂ 77ನೆಯ ಕಲಮಿನಲ್ಲಿ ಇದೇ ಶಿಕ್ಷೆ. ಆದರೆ 2022ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿ, ಮೂರರಿಂದ ಏಳು ವರ್ಷ ಶಿಕ್ಷೆಯ ಇಂಥ ಅಪರಾಧಗಳಲ್ಲಿ ಮ್ಯಾಜಿಸ್ಟ್ರೇಟರ ಅನುಮತಿಯಿಲ್ಲದೆ ಪೊಲೀಸರು ತನಿಖೆಗೆ ಇಳಿಯದಂತೆ ಮಾಡಿತು. ಶಾಲೆಯ ಮುಂದಿನ ಡಬ್ಬಿ ಅಂಗಡಿಯವನು ಹನ್ನೆರಡರ ಹುಡುಗನಿಗೆ ಗುಟ್ಕಾ ಕೊಟ್ಟರೆ, ದೂರು ಕೊಡಲು ಹೋದ ತಾಯಿಗೆ ಠಾಣೆಯಲ್ಲಿ ‘ಕೋರ್ಟಿಗೆ ಹೋಗಿ ಬಾ’ ಎಂಬ ಉತ್ತರ ಸಿಗುವ ಸ್ಥಿತಿ ಇದು. ಈ ತಿದ್ದುಪಡಿ ತಪ್ಪು. ಅದನ್ನು ಹಿಂತೆಗೆದುಕೊಳ್ಳಬೇಕು. ಅಲ್ಲಿಯವರೆಗೆ ಭಾರತೀಯ ನ್ಯಾಯ ಸಂಹಿತೆಯ 95ನೆಯ ಕಲಂ ಇದೆ; ಮಗುವನ್ನು ಕೂಲಿಗೆ ಹಿಡಿದು ಅಪರಾಧ ಮಾಡಿಸಿದವನಿಗೆ ಅದು ಕನಿಷ್ಠ ಮೂರು ವರ್ಷ ಹೇಳುತ್ತದೆ. ತನಿಖಾಧಿಕಾರಿಗಳು ಅದನ್ನು ಮರೆಯಬಾರದು.

ಈಗ ಹುಡುಗನ ಆದೇಶಕ್ಕೆ ಬರೋಣ. ತಪ್ಪು ಸಾಬೀತಾದರೆ ಮಂಡಳಿ 18ನೆಯ ಕಲಮಿನ ಕೆಳಗೆ ಎಚ್ಚರಿಕೆ ಕೊಟ್ಟು ಮನೆಗೆ ಕಳಿಸಬಹುದು, ಆಪ್ತಸಮಾಲೋಚನೆಗೆ ಕಳಿಸಬಹುದು, ಸಮುದಾಯ ಸೇವೆ ಮಾಡಿಸಬಹುದು, ತಂದೆತಾಯಿಯ ಹೊಣೆಗಾರಿಕೆಯಲ್ಲಿ ಮೂರು ವರ್ಷದವರೆಗೆ ಸನ್ನಡತೆಯ ಮೇಲೆ ಬಿಡಬಹುದು, ತೀರಾ ಅನಿವಾರ್ಯವಾದರೆ ವಿಶೇಷ ಗೃಹಕ್ಕೆ ಕಳಿಸಬಹುದು. ಇವುಗಳ ಜೊತೆಗೆ ಶಾಲೆಗೆ ಹೋಗು, ಕಸುಬು ಕಲಿ, ವ್ಯಸನಮುಕ್ತಿ ಚಿಕಿತ್ಸೆ ಪಡೆ ಎಂದೂ ಆದೇಶಿಸಬಹುದು. ಒಳರೋಗಿಯಾಗಿ ಚಿಕಿತ್ಸೆ ಬೇಕಾದ ಮಗುವನ್ನು 93ನೆಯ ಕಲಮಿನ ಕೆಳಗೆ ಚಿಕಿತ್ಸಾ ಕೇಂದ್ರಕ್ಕೆ ಕಳಿಸಬಹುದು. ಪರಿವೀಕ್ಷಣಾಧಿಕಾರಿ ಮನೆಗೆ ಹೋಗಿ ಬರೆದು ತರುವ ಸಾಮಾಜಿಕ ತನಿಖಾ ವರದಿಯ ನಮೂನೆಯಲ್ಲಿ ಮಗುವಿನ ದುರಭ್ಯಾಸಗಳನ್ನು ಕೇಳುವ ಕಾಲಂ ಕೂಡ ಇದೆ. ಕಾಗದದ ಮೇಲೆ ಏನೂ ಕಡಿಮೆಯಿಲ್ಲ.

ಇನ್ನೂ ಒಂದು ವರ್ಗದ ಮಕ್ಕಳಿದ್ದಾರೆ, ಅವರ ಮಾತು ಬಿಟ್ಟು ಮುಂದೆ ಹೋಗುವಂತಿಲ್ಲ. ಪಂಕ್ಚರ್ ಸೊಲ್ಯೂಷನ್, ವೈಟ್ನರ್, ಪೇಂಟ್ ಥಿನ್ನರ್ ಬಟ್ಟೆಗೆ ಹಚ್ಚಿ ಮೂಸುವ ಮಕ್ಕಳು. ಇವು ಮಾದಕವಸ್ತು ಕಾಯಿದೆಯ ಪಟ್ಟಿಯಲ್ಲೇ ಇಲ್ಲ, ಆದ್ದರಿಂದ ಮೂಸುವುದು ಆ ಕಾಯಿದೆಯಡಿ ಅಪರಾಧವಲ್ಲ. ಆದರೆ ಗಾಂಜಾಕ್ಕಿಂತ ಇವೇ ಹೆಚ್ಚು ಅಪಾಯಕಾರಿ; ಒಮ್ಮೆ ಮೂಸಿದಾಗಲೇ ಹೃದಯದ ಬಡಿತ ತಪ್ಪಿ ಸಾವು ಬರಬಹುದು. ದೆಹಲಿಯ ಏಮ್ಸ್ ಸಂಸ್ಥೆ ಕೇಂದ್ರ ಸರ್ಕಾರಕ್ಕಾಗಿ ನಡೆಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಮೂಸುವ ಚಟ ದೊಡ್ಡವರಲ್ಲಿ ಶೇ. 0.58 ಇದ್ದರೆ, 10ರಿಂದ 17 ವಯಸ್ಸಿನವರಲ್ಲಿ ಶೇ. 1.17 ಕಂಡಿತು. ದೇಶದಲ್ಲಿ ಸುಮಾರು 4.6 ಲಕ್ಷ ಮಕ್ಕಳಿಗೆ ಈ ಚಟಕ್ಕೆ ನೆರವು ಬೇಕು ಎಂದು ಅದು ಅಂದಾಜಿಸಿತು. 2012ರಲ್ಲಿ ಕೇಂದ್ರ ಸರ್ಕಾರ ಬಾಟಲಿಯ ವೈಟ್ನರ್ ಮತ್ತು ಅದರ ಥಿನ್ನರ್ ಮಾರಾಟ ನಿಷೇಧಿಸಿತು. ಪಂಕ್ಚರ್ ಅಂಗಡಿಯ ಟ್ಯೂಬನ್ನು ನಿಷೇಧಿಸಲು ಆಗುವುದಿಲ್ಲ. ಈ ಮಗು ಹೋಗಬೇಕಾದದ್ದು ಬಾಲ ನ್ಯಾಯ ಮಂಡಳಿಗಲ್ಲ, ಆರೈಕೆ ಮತ್ತು ರಕ್ಷಣೆ ಬೇಕಾದ ಮಕ್ಕಳನ್ನು ನೋಡಿಕೊಳ್ಳುವ ಮಕ್ಕಳ ಕಲ್ಯಾಣ ಸಮಿತಿಗೆ. ಮೂಸುತ್ತಾ ಸಿಕ್ಕ ಹುಡುಗನನ್ನು ಠಾಣೆಗೆ ಎಳೆದೊಯ್ದು ಹೊಡೆಯುವವರು ಕಾನೂನನ್ನೇ ಮುರಿಯುತ್ತಿದ್ದಾರೆ.

ಇನ್ನು ಅಮೆರಿಕದ ಅನುಭವ.

ಜಗತ್ತಿನ ಮೊದಲ ಮಕ್ಕಳ ನ್ಯಾಯಾಲಯ ಷಿಕಾಗೋದಲ್ಲಿ 1899ರಲ್ಲಿ ಆರಂಭವಾಯಿತು. ದೊಡ್ಡವರ ಮೊದಲ ಮಾದಕವಸ್ತು ನ್ಯಾಯಾಲಯ ಫ್ಲಾರಿಡಾದ ಮಯಾಮಿಯಲ್ಲಿ 1989ರಲ್ಲಿ. ಅದೇ ಮಾದರಿಯನ್ನು ತೊಂಬತ್ತರ ದಶಕದ ನಡುವಿನಿಂದ ಮಕ್ಕಳಿಗೂ ತಂದರು. ಅಲ್ಲಿ ವಿಚಾರಣೆಗೆ ಮುಂಚೆ ನ್ಯಾಯಾಧೀಶರು, ಸರ್ಕಾರಿ ವಕೀಲರು, ಹುಡುಗನ ವಕೀಲರು, ಪರಿವೀಕ್ಷಣಾಧಿಕಾರಿ, ಚಿಕಿತ್ಸಕರು, ಶಾಲೆಯ ಪ್ರತಿನಿಧಿ ಒಂದು ಮೇಜಿನ ಸುತ್ತ ಕೂತು ಆ ವಾರ ಹುಡುಗ ಹೇಗಿದ್ದ ಎಂದು ಮಾತಾಡಿಕೊಳ್ಳುತ್ತಾರೆ. ನಂತರ ಹುಡುಗ, ಮನೆಯವರು ಬರುತ್ತಾರೆ. ಮೂತ್ರ ಪರೀಕ್ಷೆಯ ಫಲಿತಾಂಶ, ಶಾಲೆಯ ಹಾಜರಾತಿ ನೋಡುತ್ತಾರೆ. ಚೆನ್ನಾಗಿದ್ದರೆ ಎಲ್ಲರ ಎದುರು ಚಪ್ಪಾಳೆ, ಸಣ್ಣ ಬಹುಮಾನ. ತಪ್ಪಿದ್ದರೆ ಸಮುದಾಯ ಸೇವೆ, ಸಂಜೆ ಹೊರಗೆ ಹೋಗದಂತೆ ನಿರ್ಬಂಧ, ಕೆಲವೆಡೆ ಒಂದೆರಡು ದಿನದ ಬಂಧನ. ಮೊದಲು ವಾರಕ್ಕೊಮ್ಮೆ, ಆಮೇಲೆ ಹದಿನೈದು ದಿನಕ್ಕೊಮ್ಮೆ, ಆಮೇಲೆ ತಿಂಗಳಿಗೊಮ್ಮೆ, ಹೀಗೆ ಸುಮಾರು ಒಂದು ವರ್ಷ. ಪ್ರತಿ ಸಲವೂ ಅದೇ ನ್ಯಾಯಾಧೀಶರು.

ಇದರ ಫಲ? 2012ರಲ್ಲಿ ನೂರೈವತ್ತಕ್ಕೂ ಹೆಚ್ಚು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ ಒಂದು ಪರಿಶೀಲನೆಯ ಪ್ರಕಾರ, ಸಾಮಾನ್ಯ ನ್ಯಾಯಾಲಯದಿಂದ ಬಂದವರಲ್ಲಿ ನೂರಕ್ಕೆ 50 ಜನ ಮತ್ತೆ ಅಪರಾಧಕ್ಕೆ ಬೀಳುವ ಕಡೆ, ದೊಡ್ಡವರ ಮಾದಕವಸ್ತು ನ್ಯಾಯಾಲಯದಿಂದ ಬಂದವರಲ್ಲಿ 38 ಜನ ಬಿದ್ದರು. ಮಕ್ಕಳ ಮಾದಕವಸ್ತು ನ್ಯಾಯಾಲಯದಲ್ಲಿ ಆ ಸಂಖ್ಯೆ ಸುಮಾರು 44. ಪ್ರಯೋಜನ ಇತ್ತು, ಆದರೆ ತೆಳುವಾಗಿತ್ತು. ದಕ್ಷಿಣ ಕೆರೊಲಿನಾದ ಚಾರ್ಲ್ಸ್‌ಟನ್‌ನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನ ಇನ್ನೂ ಸೂಕ್ಷ್ಮವಾದದ್ದು. ಮಕ್ಕಳಲ್ಲಿ ಚಟ ಕಡಿಮೆಯಾಯಿತು. ಆದರೆ ಮತ್ತೆ ಬಂಧನವಾಗುವುದು ಅದೇ ಪ್ರಮಾಣದಲ್ಲಿ ಕಡಿಮೆಯಾಗಲಿಲ್ಲ. ಕಣ್ಗಾವಲು ಹೆಚ್ಚಾದಷ್ಟೂ ಸಣ್ಣ ತಪ್ಪಿಗೂ ಸಿಕ್ಕಿಬೀಳುವುದು ಹೆಚ್ಚಾಗುತ್ತದೆ ಎಂಬುದು ಅದಕ್ಕೆ ಕೊಟ್ಟ ಒಂದು ವಿವರಣೆ. ಮನೆಯವರನ್ನು ಸೇರಿಸಿಕೊಂಡು ನಡೆಸುವ ಚಿಕಿತ್ಸೆಯನ್ನು ಕೂಡಿಸಿದಲ್ಲಿ ಚಟದ ವಿಷಯದಲ್ಲಿ ಇನ್ನೂ ಒಳ್ಳೆಯ ಫಲ ಬಂತು. ಅಮೆರಿಕದ ನ್ಯಾಯ ಇಲಾಖೆ 2016ರ ಡಿಸೆಂಬರಿನಲ್ಲಿ ಹೊಸ ಮಾರ್ಗಸೂಚಿ ಹೊರಡಿಸಿ, ಚಿಕಿತ್ಸೆ ಮತ್ತು ಕುಟುಂಬಕ್ಕೆ ಮೊದಲ ಸ್ಥಾನ ಕೊಡಿ, ಬಂಧನವನ್ನು ತೀರಾ ಅಪರೂಪಕ್ಕೆ ಬಳಸಿ ಎಂದಿತು.

ಇದರಿಂದ ನಾವು ತೆಗೆದುಕೊಳ್ಳಬೇಕಾದದ್ದೂ ಇದೆ, ಬಿಡಬೇಕಾದದ್ದೂ ಇದೆ. ಬಿಡಬೇಕಾದದ್ದು ಶಿಕ್ಷೆಯ ಭಾಗ. ಗಾಂಜಾ ಬಿಟ್ಟ ಮೊದಲ ವಾರ ಹುಡುಗನಿಗೆ ನಿದ್ದೆ ಬರುವುದಿಲ್ಲ, ಊಟ ಸೇರುವುದಿಲ್ಲ, ಮಾತುಮಾತಿಗೆ ಸಿಟ್ಟು. ಎರಡು ವಾರದ ಹೊತ್ತಿಗೆ ತಗ್ಗುತ್ತದೆ. ಇದಕ್ಕೆಂದೇ ಮಾತ್ರೆ ಇಲ್ಲ. ಮಾತುಕತೆ, ದಿನಚರಿ, ಹೊಸ ಸಹವಾಸ ಇವೇ ಮದ್ದು. ನಡುವೆ ಒಮ್ಮೆ ಮತ್ತೆ ಸೇದುತ್ತಾನೆ. ಹೆಚ್ಚಿನವರು ಸೇದುತ್ತಾರೆ. ಆ ಒಂದು ದಿನದ ಜಾರುವಿಕೆಯನ್ನು ಅಪರಾಧವೆಂದು ಎಣಿಸಿದರೆ ಹುಡುಗ ಮಂಡಳಿಯ ಮುಂದೆ ಸುಳ್ಳು ಹೇಳುವುದನ್ನು ಕಲಿಯುತ್ತಾನೆ, ಚಟ ಬಿಡುವುದನ್ನಲ್ಲ.

ತೆಗೆದುಕೊಳ್ಳಬೇಕಾದದ್ದು ಮರಳಿ ಮರಳಿ ನೋಡುವ ಪದ್ಧತಿ. ಎರೆ ಹೊಲದಲ್ಲಿ ಬಿತ್ತಿದ ಮೇಲೆ ಸುಗ್ಗಿಗೇ ನೋಡೋಣ ಎಂದು ಯಾರೂ ಮನೆಯಲ್ಲಿ ಕೂರುವುದಿಲ್ಲ, ಎಡೆ ಹೊಡೆಯಬೇಕು, ಕಳೆ ತೆಗೆಯಬೇಕು. ನಮ್ಮ ಮಂಡಳಿಗಳ ಆದೇಶದಲ್ಲಿ ‘ವ್ಯಸನಮುಕ್ತಿ ಚಿಕಿತ್ಸೆ ಪಡೆಯತಕ್ಕದ್ದು’ ಎಂಬ ಸಾಲು ಸೇರುತ್ತದೆ. ಎಲ್ಲಿ, ಯಾರ ಬಳಿ, ಯಾವ ವಾರ, ಹೋಗದಿದ್ದರೆ ಯಾರು ಹೋಗಿ ಕೇಳುತ್ತಾರೆ ಎಂಬುದು ಸೇರುವುದಿಲ್ಲ.

ಆ ಸಾಲನ್ನು ನಮ್ಮ ಹುಡುಗನ ತಾಯಿಯ ಕಡೆಯಿಂದ ಓದಿ ನೋಡಿ. ಜಿಲ್ಲಾ ಕೇಂದ್ರವಾದ ಗದಗಕ್ಕೆ ಮಗನನ್ನು ಕರೆದುಕೊಂಡು ಹೋಗಬೇಕು. 2023ರ ಜೂನ್‌ನಿಂದ ಮಹಿಳೆಯರ ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದಿರುವುದರಿಂದ ಅವಳು ಬಸ್ಸಿಗೆ ದುಡ್ಡು ಕೊಡಬೇಕಿಲ್ಲ. ಮಗನಿಗೆ ಟಿಕೆಟ್ ತೆಗೆಸಬೇಕು. ಅದಕ್ಕಿಂತ ದೊಡ್ಡದು ಆ ದಿನದ ಕೂಲಿ. ಹೆಸರು ಬಿಡಿಸುವ ಕಾಲದಲ್ಲಿ ಒಂದು ದಿನ ಬಿಟ್ಟರೆ ಮರುದಿನ ಕೆಲಸಕ್ಕೆ ಬೇರೆಯವರು ಬಂದಿರುತ್ತಾರೆ. ಧಾರವಾಡದ ಡಿಮ್ಹಾನ್ಸ್ ಆಸ್ಪತ್ರೆಗಾದರೆ ಇನ್ನೂ ದೂರ. ಮೊದಲ ಸಲ ಹೋಗುತ್ತಾಳೆ, ಎರಡನೆಯ ಸಲವೂ ಹೋದಾಳು. ಮೂರನೆಯ ಸಲ ಹೋಗದಿದ್ದರೆ ಅದು ಅವಳ ಅಲಕ್ಷ್ಯವಲ್ಲ. ಇನ್ನು ನಮ್ಮ ವ್ಯಸನಮುಕ್ತಿ ಕೇಂದ್ರಗಳು ಬಹುಪಾಲು ದೊಡ್ಡವರಿಗಾಗಿ, ಅದರಲ್ಲೂ ಕುಡುಕರಿಗಾಗಿ ಮಾಡಿದವು. ನಲವತ್ತರ ಕುಡುಕರ ನಡುವಿನ ಮಂಚದಲ್ಲಿ ಹದಿನಾರರ ಹುಡುಗನನ್ನು ಮಲಗಿಸುವುದು ಚಿಕಿತ್ಸೆಯಾಗುವುದಿಲ್ಲ.

ಹಾಗಾದರೆ ಇಲ್ಲಿ ಏನು ಮಾಡಬಹುದು? ಕೊನೆಯ ಭಾಗಕ್ಕೆ ಬಂದೆ.

ವ್ಯಸನದ ವಿರುದ್ಧದ ಬಹು ದೊಡ್ಡ ಕೆಲಸವೊಂದು ನಮ್ಮ ನೆರೆಯಲ್ಲೇ ನಡೆಯಿತು. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ಸುತ್ತಿ, ಕಾಳುಕಡಿ ಬೇಡದೆ, ನಿಮ್ಮ ಚಟವನ್ನು ಇದಕ್ಕೆ ಹಾಕಿ ಎಂದು ಬೇಡಿದರು. ಜನ ಬೀಡಿ ಕಟ್ಟು, ತಂಬಾಕಿನ ಚೀಟಿ ಹಾಕಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವಾಗಿ ಆಚರಿಸುತ್ತದೆ. ಬೈಗುಳವಿಲ್ಲದೆ, ದಂಡವಿಲ್ಲದೆ, ಚಟಕ್ಕೆ ಬಿದ್ದವನ ಮನೆ ಬಾಗಿಲಿಗೇ ಹೋಗಿ ಕೈಚಾಚಿದ ಆ ರೀತಿಯನ್ನು ನಾನು ಬಹಳ ಗೌರವದಿಂದ ಕಾಣುತ್ತೇನೆ. ಆದರೆ ಮಕ್ಕಳ ವಿಷಯದಲ್ಲಿ ಒಂದು ಎಚ್ಚರ ಬೇಕು. ಜೋಳಿಗೆಗೆ ಹಾಕುವುದು ನಾಲ್ಕು ಜನರ ಎದುರು. ದೊಡ್ಡವರಿಗೆ ಆ ಸಾಕ್ಷಿಯೇ ಬಲ. ಹುಡುಗನನ್ನು ಶಾಲೆಯ ಪ್ರಾರ್ಥನೆಯ ಸಾಲಿನ ಮುಂದೆ ನಿಲ್ಲಿಸಿ ಪ್ರತಿಜ್ಞೆ ಮಾಡಿಸಿದರೆ ಅವನಿಗೆ ಊರೇ ‘ಗಾಂಜಾ ಹುಡುಗ’ ಎಂದು ಹೆಸರಿಡುತ್ತದೆ, ಆ ಹೆಸರು ಮದುವೆಯ ವಯಸ್ಸಿನವರೆಗೂ ಬೆನ್ನು ಬಿಡುವುದಿಲ್ಲ. ಬಾಗಿಲಿಗೆ ಹೋಗುವುದನ್ನು ಶಿವಯೋಗಿಗಳಿಂದ ಕಲಿಯೋಣ. ಗುಟ್ಟು ಕಾಯುವುದನ್ನು ಕಾನೂನಿನಿಂದ ಕಲಿಯೋಣ.

ಹತ್ತಿರದಲ್ಲಿರುವ ಸೌಲಭ್ಯಗಳನ್ನೂ ಹೇಳುತ್ತೇನೆ. ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರ ತಾಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ಏರ್ಪಾಡಿದೆ. ಮಂಡಳಿ ತನ್ನ ಆದೇಶದಲ್ಲಿ ಗದಗ ಎಂದು ಬರೆಯುವ ಬದಲು ಆ ಮಂಗಳವಾರದ ತಪಾಸಣೆಯನ್ನೇ ಬರೆದರೆ ತಾಯಿಯ ಅರ್ಧ ಕಷ್ಟ ಕಡಿಮೆಯಾಗುತ್ತದೆ. ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416, ವ್ಯಸನಮುಕ್ತಿಯ ಸಹಾಯವಾಣಿ 14446. ಈ ಮೂರು ಸಂಖ್ಯೆಗಳನ್ನು ಶಾಲೆಯ ಗೋಡೆಯ ಮೇಲೆ ಬರೆಸಿ. ವರ್ಷಕ್ಕೊಮ್ಮೆ ಪಂಚಾಯಿತಿಯಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಯಲ್ಲಿ ಶೌಚಾಲಯ, ಆಟದ ಮೈದಾನದ ಜೊತೆಗೆ, ಶಾಲೆಯಿಂದ ನೂರು ಗಜದೊಳಗಿನ ತಂಬಾಕು ಮಾರಾಟದ ಮಾತೂ ಬರಲಿ. 2003ರ ತಂಬಾಕು ಕಾಯಿದೆ ಅದನ್ನು ನಿಷೇಧಿಸಿದೆ.

ಮುಖ್ಯೋಪಾಧ್ಯಾಯರಿಗೆ ಒಂದು ಮಾತು. ಬಾಲ ನ್ಯಾಯ ಮಂಡಳಿಯಿಂದ ಬಂದ ಹುಡುಗನಿಗೆ ಆ ಪ್ರಕರಣದ ಕಾರಣಕ್ಕೆ ಯಾವ ಅನರ್ಹತೆಯೂ ಅಂಟಬಾರದು ಎಂದು 24ನೆಯ ಕಲಂ ಹೇಳುತ್ತದೆ. ದೊಡ್ಡವನಂತೆ ವಿಚಾರಣೆಗೊಳಗಾದವರ ವಿಷಯವಷ್ಟೇ ಬೇರೆ. ‘ಇವನು ಬಂದರೆ ಉಳಿದವರು ಕೆಡುತ್ತಾರೆ’ ಎಂದು ದಾಖಲಾತಿ ನಿರಾಕರಿಸಬೇಡಿ. ಮರಳಿ ಶಾಲೆಗೆ ಸೇರುವುದಕ್ಕಿಂತ ಮಿಗಿಲಾದ ವ್ಯಸನಮುಕ್ತಿ ಚಿಕಿತ್ಸೆಯನ್ನು ನಾನು ಕಂಡಿಲ್ಲ.

ಕೊನೆಯದಾಗಿ, ಈ ಸಭೆಯಲ್ಲಿರುವ ನಿವೃತ್ತ ಶಿಕ್ಷಕರಲ್ಲಿ, ಅಂಗನವಾಡಿ ಮತ್ತು ಆಶಾ ಕಾರ್ಯಕರ್ತೆಯರಲ್ಲಿ, ಸ್ವಸಹಾಯ ಸಂಘದ ತಾಯಂದಿರಲ್ಲಿ ನನ್ನದೊಂದು ಬೇಡಿಕೆ ಇದೆ. ಒಂದು ಜಿಲ್ಲೆಯ ಪರಿವೀಕ್ಷಣಾಧಿಕಾರಿ ಹದಿನೈದು ದಿನಕ್ಕೊಮ್ಮೆ ಪ್ರತಿ ಹುಡುಗನ ಮನೆಗೆ ಬರಲಾರರು. ಆದರೆ ಕಾಯಿದೆಯ 52ನೆಯ ಕಲಂ, ಮಗುವಿನ ಹೊಣೆ ಹೊರಲು ಯೋಗ್ಯ ವ್ಯಕ್ತಿ ಎಂದು ಊರಿನವರೊಬ್ಬರನ್ನು ಮಂಡಳಿ ಮಾನ್ಯ ಮಾಡಲು ಅವಕಾಶ ಕೊಟ್ಟಿದೆ. ಅಂಥವರು ಸಂಜೆ ಹುಡುಗನ ಮನೆಗೆ ಹೋಗಿ ಚಹಾ ಕುಡಿದು, ಗ್ಯಾರೇಜಿನ ಕೆಲಸ ಹೇಗಿದೆ, ರಾತ್ರಿ ನಿದ್ದೆ ಬರುತ್ತಿದೆಯೇ, ಮಂಗಳವಾರ ಆಸ್ಪತ್ರೆಗೆ ಹೋದೆಯಾ ಎಂದು ಕೇಳಿ, ಎರಡು ಸಾಲು ಬರೆದಿಟ್ಟರೆ, ಅಮೆರಿಕದ ನ್ಯಾಯಾಲಯ ದೊಡ್ಡ ಖರ್ಚಿನಲ್ಲಿ ಮಾಡುವ ಕೆಲಸದ ತಿರುಳು ಇಲ್ಲಿಯೇ ಆಗುತ್ತದೆ. ಇದಕ್ಕೆ ಅರ್ಜಿಯನ್ನು ಗದಗದ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಕೊಡಬೇಕು. ಮನಸ್ಸಿದ್ದವರು ಸಭೆ ಮುಗಿದ ಮೇಲೆ ನನ್ನನ್ನು ಕಾಣಿ, ಅರ್ಜಿ ಬರೆಯಲು ಇಲ್ಲಿಯೇ ಕೂರುತ್ತೇನೆ. ಅದಕ್ಕೂ ಮೊದಲು ನಿಮ್ಮ ಪ್ರಶ್ನೆಗಳಿದ್ದರೆ ಕೇಳಬೇಕೆಂದು ಕೋರುತ್ತೇನೆ.